ಕಲ್ಲು ತೆಗೆಯಲು ಒಬ್ಬರು

ಲಾರಿಯ ಒಡತಿ, ಅತುಪೆಲೆಯ ತಾಯಿ, ಡೀಸೆಲ್ ಟ್ಯಾಂಕಿನೊಳಗೆ ಕೋಲು ಇಳಿಸಿ ಮೇಲೆತ್ತುವಾಗ ಡ್ರೈವರ್ ಅಂಗೊಲಿಲೆ ಬೇಲಿಯಾಚೆಯ ಮುಸುಕಿನ ಜೋಳದ ಹೊಲ ನೋಡುತ್ತ ನಿಂತಿದ್ದ. ಕೋಲಿನ ತುದಿಯಷ್ಟೇ ಒದ್ದೆಯಾಗಿರುತ್ತದೆ ಎಂಬುದು ಅವನಿಗೆ ಮಿಕುಮಿ ಕಾಡು ದಾಟುವಾಗಲೇ ಗೊತ್ತಾಗಿತ್ತು.

ಕೋಲಿನ ನಡುವೆ ಚಾಕುವಿನಿಂದ ಕೆತ್ತಿದ ಒಂದು ಗೀರು. ಆಕೆಯ ಗಂಡ ಬದುಕಿದ್ದಾಗ ತನ್ನ ಕೈಯಾರೆ ಕೆತ್ತಿದ್ದು. ಕಡಲ ದಂಡೆಯ ದಾರ್ ನಗರಕ್ಕೆ ಹೋಗಿ ಊರಿಗೆ, ಮಕಂಬಾಕೊಗೆ ಮರಳಿದ ಲಾರಿಯ ಟ್ಯಾಂಕಿನಲ್ಲಿ ಆ ಗೀರಿನ ತನಕ ಎಣ್ಣೆ ನಿಂತಿರಬೇಕು. ನಿಂತಿದ್ದರೆ ಲಾರಿ ನೆಟ್ಟಗಿದೆ, ಡ್ರೈವರ್ ನೆಟ್ಟಗಿದ್ದಾನೆ, ದೇವರೂ ನೆಟ್ಟಗಿದ್ದಾನೆ ಎಂದು ಆ ಮನುಷ್ಯ ಹೇಳುತ್ತಿದ್ದ.

“ಇಲ್ ನೋಡಣ್ಣ,” ಎಂದು ಆಕೆ ಕೋಲನ್ನು ಅವನ ಮೂಗಿನ ಹತ್ತಿರ ಹಿಡಿದಳು. “ಗೀರೆಲ್ಲಿ, ಎಣ್ಣೆಯೆಲ್ಲಿ? ನೀನು ಕದ್ದು ಮಾರ್ತೀಯ ಅಂತ ನಾನು ಹೇಳ್ತಿಲ್ಲ. ಕದ್ದಿದ್ರೆ ಒಳ್ಳೇದೇ ಇತ್ತು. ನಾಲ್ಕು ಬೈದು ಬಿಡಿಸಬಹುದಿತ್ತು. ಈ ಲಾರಿ ಚಟ ಬಿಡಿಸೋದು ಹೆಂಗೆ?”

“ವಯಸ್ಸಾಯ್ತಲ್ಲಮ್ಮ ಅದಕ್ಕೆ.”

“ವಯಸ್ಸಾದವರು ಕಡಿಮೆ ತಿಂತಾರೆ. ಇದು ಜಾಸ್ತಿ ಕುಡೀತದೆ.”

ದಾರಿಯಲ್ಲಿನ ಡ್ರೈವರುಗಳು ಆ ಲಾರಿಯನ್ನು ಕುಡುಕಿ ಎಂದೇ ಕರೆಯುತ್ತಿದ್ದರು. ಅದರ ಮೀಟರಿನ ಅಂಕಿಗಳು ಒಂದು ಸುತ್ತು ಪೂರ್ತಿ ತಿರುಗಿ ಮತ್ತೆ ಸೊನ್ನೆಯಿಂದ ಹೊರಟು, ಈಗ ಯಾವುದೋ ಒಂದು ಅಂಕಿಯ ಮೇಲೆ ಸುಸ್ತಾಗಿ ನಿಂತುಬಿಟ್ಟಿದ್ದವು. ಹಣೆಯ ಮೇಲೆ ಬಣ್ಣದಲ್ಲಿ ಬರೆಸಿದ್ದ ಮಾತು ಮಾತ್ರ ಇನ್ನೂ ಓದುವಂತಿತ್ತು: ಹಸಿದವನಿಗೆ ದಾರಿ ಉದ್ದ.

ಅತುಪೆಲೆಯ ತಾಯಿ ಕೋಲು ಒರೆಸಿ ಗೋಡೆಗೆ ಒರಗಿಸಿದಳು. ಆಮೇಲೆ ಹೇಳಿದ ಮಾತನ್ನು ದನಿ ಏರಿಸದೆ ಹೇಳಿದಳು. ಗುಜರಿಯವರು ಎಂಬೇಯಾದಿಂದ ಬಂದು ಲಾರಿಯನ್ನು ಸುತ್ತ ನೋಡಿಕೊಂಡು ಹೋಗಿದ್ದಾರೆ. ಇನ್ನೊಂದು ಟ್ರಿಪ್ ನೋಡುತ್ತಾಳೆ. ಹಲಗೆ ಹೇರಿಕೊಂಡು ದಾರ್‌ಗೆ ಹೋಗಿ ಸಿಮೆಂಟ್ ತರಬೇಕು. ಬಂದ ದಿನ ಎಣ್ಣೆ ಗೀರು ಮುಟ್ಟಿದ್ದರೆ ಲಾರಿ ಉಳಿಯಿತು. ಇಲ್ಲದಿದ್ದರೆ ಅವರು ಬಂದು ತುಂಡು ಮಾಡಿ ಒಯ್ಯುತ್ತಾರೆ.

“ಆಯ್ತಮ್ಮ,” ಎಂದ ಅಂಗೊಲಿಲೆ.

ಲಾರಿ ಹೋದರೆ ತಾನೆಲ್ಲಿಗೆ ಹೋಗಬೇಕು ಎಂದು ಅವನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಕಣ್ಣು ಮಂಜಾದ ಡ್ರೈವರನ್ನು ಇನ್ನೊಬ್ಬ ಮಾಲೀಕ ಕೂರಿಸಿಕೊಳ್ಳುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಟುಕುಯುವಿನ ಮನೆಯಲ್ಲಿ ಮಗಳು ಅಳಿಯ ಇದ್ದರು. ಅಲ್ಲಿಗೆ ಹೋದಾಗಲೆಲ್ಲ ಅವರು ಕುರ್ಚಿ ಹಾಕಿ ಕೂರಿಸಿ ಚಹಾ ಕೊಡುತ್ತಿದ್ದರು, ನೆಂಟರಿಗೆ ಕೊಟ್ಟಹಾಗೆ. ಅವನಿಗೆ ತನ್ನದು ಅಂತ ಒಂದು ಮನೆಯಿದ್ದರೆ ಅದು ಆ ಕ್ಯಾಬಿನ್ನು.

ಅವತ್ತೇ ಲಾರಿಯನ್ನು ಕಿಲಾಸಿ ಮೇಸ್ತ್ರಿಯ ಹತ್ತಿರ ಒಯ್ದ. ಕಿಲಾಸಿಯ ಗ್ಯಾರೇಜೆಂದರೆ ನೀಲಗಿರಿ ಮರಗಳ ಕೆಳಗೆ ಎಣ್ಣೆ ಕುಡಿದು ಕಪ್ಪಾದ ಒಂದು ತುಂಡು ನೆಲ. ಅವನ ಕೈಯೂ ಬಾಯಿಯೂ ಒಟ್ಟಿಗೇ ಓಡುತ್ತಿದ್ದವು.

ಮೊದಲು ಏರ್ ಫಿಲ್ಟರ್ ಬಿಚ್ಚಿ ಕುಟ್ಟಿದ. ಧೂಳು ಬುಟ್ಟಿಗಟ್ಟಲೆ ಬಿತ್ತು. “ಅಜ್ಜಾ, ಇದರಲ್ಲಿ ಗೆಣಸು ನೆಡಬಹುದಿತ್ತು, ಸುಮ್ನೆ ಹಾಳು ಮಾಡಿದೆ.” ಗಾಲಿಗಳಲ್ಲಿ ಗಾಳಿ ನೋಡಿದ. “ಚಪ್ಪಲಿ ಎಳ್ಕೊಂಡು ನಡೀತಿದಾಳೆ ನಿನ್ನ ಕುಡುಕಿ.” ಹಿಂದಿನ ಎಡಗಾಲಿಯನ್ನು ಜಾಕಿ ಕೊಟ್ಟು ಎತ್ತಿ ಕೈಯಿಂದ ತಿರುಗಿಸಿದ. ಅದು ಅರ್ಧ ಸುತ್ತೂ ಹೋಗದೆ ಕಚ್ಚಿಕೊಂಡು ನಿಂತಿತು. ಬ್ರೇಕಿನ ಲೈನರ್ ಡ್ರಮ್ಮಿಗೆ ಅಂಟಿಕೊಂಡಿತ್ತು. “ಒಂದು ಕಾಲನ್ನ ಯಾರೋ ಹಿಡ್ಕೊಂಡಿರೋವಾಗ್ಲೇ ದಾರ್‌ಗೆ ಹೋಗಿ ಬಂದಿದೀಯಲ್ಲೋ ಪುಣ್ಯಾತ್ಮ!”

ನಾಝಲ್ ತೊಳೆದ. ಡೀಸೆಲ್ ಪೈಪಿನ ಒಂದು ಕಡೆ ಜಿನುಗು ಇತ್ತು, ಕಟ್ಟಿದ. ಎಂಜಿನ್ ಬಿಸಿ ಕಾಯುವ ಥರ್ಮೋಸ್ಟಾಟ್ ಅನ್ನು ಯಾವ ಕಾಲದಲ್ಲೋ ಯಾರೋ ಕಿತ್ತು ಬಿಸಾಕಿದ್ದರು, ಬೇರೆ ಲಾರಿಯದ್ದು ತಂದು ಹಾಕಿ, “ಈ ಚಳೀಲಿ ಅದಕ್ಕೊಂದು ಸ್ವೆಟರ್ ಬೇಡ್ವಾ?” ಎಂದ. ಕ್ಯಾಬಿನ್ನಿನಲ್ಲಿ, ಸೀಟಿನ ಕೆಳಗೆ ಸೇರಿಸಿಟ್ಟಿದ್ದ ಮುರಿದ ಪಟ್ಟಿ, ಹಳೇ ಟ್ಯೂಬು, ತುಕ್ಕು ಹಿಡಿದ ಡ್ರಮ್ಮು ಎಲ್ಲವನ್ನೂ ಎಳೆದು ಹೊರಗೆ ಹಾಕಿದ. ಒಂದು ಕರೀ ಕಲ್ಲೂ ಬಂತು. ಗುಮ್ಮಟದ ಹಾಗೆ ಒಂದು ಬದಿ ಉಬ್ಬಿದ್ದು, ಇನ್ನೊಂದು ಬದಿ ಹಲಗೆಯಂತೆ ಚಪ್ಪಟೆ. ಬೆರಳು ಹಿಡಿಯುವ ಕಡೆ ನುಣ್ಣಗೆ ಸವೆದಿತ್ತು.

“ಅದು ಇರಲಿ,” ಎಂದು ಅಂಗೊಲಿಲೆ ಅವನ ಕೈಯಿಂದ ಕಿತ್ತುಕೊಂಡ.

“ಕಲ್ಲು ಹೊತ್ಕೊಂಡು ಮೈಲೇಜ್ ಕೇಳ್ತೀಯ!”

“ಅದು ಟ್ವೇವೆಯ ಕಲ್ಲು.”

ಕಿಲಾಸಿ ಪಾನಾ ಎತ್ತಿಕೊಂಡು ಲಾರಿಯ ಅಡಿಗೆ ನುಗ್ಗಿದ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕೂಗಿದ. “ಅಜ್ಜಾ, ಬಾ ಇಲ್ಲಿ. ಬಗ್ಗೋಕಾಗತ್ತಾ? ಹೊಗೆ ಪೈಪಿನ ಸಂದು ನೋಡು.”

ಅಂಗೊಲಿಲೆ ಬಗ್ಗಿ ನೋಡಿದ. ಪೈಪಿನ ಸಂದಿನಿಂದ ಕಪ್ಪು ಜಿಡ್ಡು ಹನಿ ಹನಿಯಾಗಿ ಇಳಿದು ಹೆಪ್ಪುಗಟ್ಟಿತ್ತು. “ಸೋರ್ತಿದೆ.”

“ಸೋರಿಕೆ ಅಲ್ಲ ಇದು, ಜೊಲ್ಲು. ಓಡೋ ಎಂಜಿನ್ ಬಾಯಿ ಒಣಗಿರತ್ತೆ. ನಿಂತಲ್ಲೇ ಗಂಟೆಗಟ್ಟಲೆ ಉರಿದ ಎಂಜಿನ್ ಹಿಂಗೆ ಜೊಲ್ಲು ಸುರಿಸತ್ತೆ.” ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಅವನ ಮುಖ ನೋಡಿದ. “ನಾನು ಮಾಡಿದ್ದೆಲ್ಲ ಸೇರಿ ಸ್ವಲ್ಪ ಉಳಿಸತ್ತೆ. ಗೀರು ಮುಟ್ಟಲ್ಲ. ನಿಜ ಹೇಳು, ಲಾರಿ ನಿಲ್ಲಿಸಿದ ಮೇಲೆ ಎಂಜಿನ್ ಬಂದ್ ಮಾಡ್ತೀಯಾ?”

“ಮತ್ತೆ ಸ್ಟಾರ್ಟ್ ಮಾಡೋಕೆ ಸೆಲ್ಫ್ ಎತ್ತಲ್ಲವಲ್ಲ.”

“ಅದು ನಂಗೂ ಗೊತ್ತು. ಫ್ಲೈವ್ಹೀಲಿನ ಹಲ್ಲೇ ಸವೆದುಹೋಗಿದೆ, ಹೊಸ ಸೆಲ್ಫ್ ಹಾಕಿದ್ರೂ ಕಚ್ಚಲ್ಲ. ಅದಕ್ಕೇ ಇಳಿಜಾರಲ್ಲಿ ನಿಲ್ಸಿ, ಉರುಳಿಸಿ ಎತ್ತೋದು. ಎಷ್ಟು ವರ್ಷದಿಂದ ಹಂಗೇ ಎತ್ತಿದೀರಿ ನೀವಿಬ್ರೂ.”

“ಇಬ್ರೂ,” ಎಂದ ಅಂಗೊಲಿಲೆ.

ಟ್ವೇವೆ ಆ ಲಾರಿಯ ಕ್ಲೀನರ್. ಮಕೇಟೆಯ ಮಂಜಿನ ಬೆಟ್ಟದವನು. ಮೀಸೆ ಮೂಡದ ವಯಸ್ಸಿನಲ್ಲಿ ಬಂದು ಸೇರಿ, ಮೀಸೆ ನೆರೆತ ಮೇಲೂ ಕ್ಲೀನರೇ ಆಗಿದ್ದ. ಮಕಂಬಾಕೊದಲ್ಲಿ ಶುರು ಮಾಡಿದ ಕಥೆಯನ್ನು ಮೊರೊಗೊರೊ ದಾಟಿದರೂ ಮುಗಿಸುತ್ತಿರಲಿಲ್ಲ. ಲಾರಿ ಇಳಿಜಾರಿನಲ್ಲಿ ನಿಂತೊಡನೆ ಹಾರಿ ಇಳಿದು ಗಾಲಿಗೆ ಆ ಕರೀ ಕಲ್ಲು ಕೊಟ್ಟು ಲಾರಿಯ ಬಾಡಿಯ ಮೇಲೆ ಅಂಗೈಯಿಂದ ಒಂದು ಸಲ ತಟ್ಟುತ್ತಿದ್ದ. ಒಂದು ತಟ್ಟು ಅಂದರೆ ಕಲ್ಲು ಕೂತಿತು, ಬಂದ್ ಮಾಡು. ರಾತ್ರಿಯೆಲ್ಲ ನಿಂತ ಲಾರಿಯಲ್ಲಿ ಬ್ರೇಕಿನ ಗಾಳಿ ಸೋರಿಹೋಗಿರುತ್ತದೆ, ಅಷ್ಟೂ ಭಾರ ಕಲ್ಲಿನ ಮೇಲೆ. ಬೆಳಿಗ್ಗೆ ಅಂಗೊಲಿಲೆ ಕ್ಲಚ್ ಒತ್ತಿ ಕೂತರೆ ಟ್ವೇವೆ ಹಾರೆಯಿಂದ ಕಲ್ಲಿಗೆ ಪಕ್ಕದಿಂದ ಒಂದೇಟು ಕೊಟ್ಟು ಹಾರಿಸಿ, ಎರಡು ಸಲ ತಟ್ಟುತ್ತಿದ್ದ. ಎರಡು ತಟ್ಟು ಅಂದರೆ ಕಲ್ಲು ತೆಗೆದೆ, ಹೋಗು. ಲಾರಿ ಉರುಳತೊಡಗಿ, ಗೇರ್ ಕಚ್ಚಿ, ಎಂಜಿನ್ ಕೆಮ್ಮಿ ಎದ್ದೇಳುವಷ್ಟರಲ್ಲಿ ಕಲ್ಲನ್ನು ಎದೆಗವುಚಿಕೊಂಡು ಓಡಿ ಬಂದು ಹತ್ತಿ ಕೂತು, ಬಿಟ್ಟ ಕಥೆಯನ್ನು ಬಿಟ್ಟಲ್ಲಿಂದಲೇ ಶುರು ಮಾಡುತ್ತಿದ್ದ.

ಒಂದು ಲಾರಿಗೆ ಎರಡು ಬಾಯಿ ಯಾಕೆ ಎಂದು ಅತುಪೆಲೆಯ ತಾಯಿ ಹಿಂದಿನ ವರ್ಷದ ಮಳೆಗಾಲದಲ್ಲಿ ಅವನನ್ನು ಬಿಡಿಸಿದಳು. ಆವತ್ತೂ ಅಂಗೊಲಿಲೆ “ಆಯ್ತಮ್ಮ” ಎಂದಿದ್ದ. ಟ್ವೇವೆ ಬೆಟ್ಟದ ಬಸ್ಸು ಹತ್ತುವಾಗ ಕಲ್ಲನ್ನು ಕ್ಯಾಬಿನ್ನಿನಲ್ಲೇ ಬಿಟ್ಟು ಹೋದ.

ಆಮೇಲೆ ಅಂಗೊಲಿಲೆ ಎಂಜಿನ್ ಬಂದ್ ಮಾಡುವುದನ್ನೇ ಬಿಟ್ಟ. ಲಾರಿಗಳು ಸಾಲಾಗಿ ನಿಲ್ಲುವ ಸಪಾಟು ಜಾಗದಲ್ಲಿ ನಿಲ್ಲಿಸಿ, ಎಂಜಿನನ್ನು ಹಾಗೇ ಮೆಲ್ಲಗೆ ಗುರುಗುಟ್ಟಲು ಬಿಟ್ಟು ಮಲಗುತ್ತಿದ್ದ. ಕೇಳಿದವರಿಗೆ ಸೆಲ್ಫ್ ಎತ್ತುವುದಿಲ್ಲ ಎನ್ನುತ್ತಿದ್ದ. ಅದು ಸುಳ್ಳಲ್ಲ. ಆದರೆ ಸೀಟು ನಡುಗುತ್ತಿದ್ದರೆ, ಗಾಜು ಸಣ್ಣಗೆ ಗಿಲಗುಟ್ಟುತ್ತಿದ್ದರೆ, ಪಕ್ಕದಲ್ಲಿ ಯಾರೋ ಉಸಿರಾಡುತ್ತ ಮಲಗಿದ ಹಾಗಿರುತ್ತಿತ್ತು ಎಂಬುದನ್ನು ಅವನು ಕಿಲಾಸಿಗೆ ಹೇಳಲಿಲ್ಲ.

“ಇಳಿಜಾರಲ್ಲಿ ನಿಲ್ಸಿ ಬಂದ್ ಮಾಡು. ಬೇರೆ ದಾರಿಯಿಲ್ಲ,” ಎಂದ ಕಿಲಾಸಿ. “ಕಲ್ಲು ತೆಗೆಯೋಕೆ ಯಾರನ್ನಾದ್ರೂ ಕರಿ.”

“ಯಾರನ್ನ?”

“ಅದನ್ನೂ ನಾನೇ ಹೇಳ್ಬೇಕಾ?”

ಹಲಗೆ ಹೇರಿಸಿ, ಲಾರಿ ತೂಗುವ ಕಟ್ಟೆಯ ಮುಂದಿನ ಸಾಲು ದಾಟಿ ಹೊರಡುವಾಗ ಹೊತ್ತು ಇಳಿದಿತ್ತು. ಮಫಿಂಗಾದ ಪೈನ್ ತೋಪುಗಳ ಹತ್ತಿರ ಸೂರ್ಯ ಕೆಂಪಾದ. ಊಟದ ಅಂಗಡಿಗಳ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಮಾಂಸ ಸುಡುವ ಹೊಗೆ, ರೇಡಿಯೋ, ನಗು. ಅಂಗೊಲಿಲೆ ಉಗಾಲಿ ಮುದ್ದೆ, ಬೀನ್ಸು ಕಟ್ಟಿಸಿಕೊಂಡು ಅಲ್ಲಿ ನಿಲ್ಲದೆ ಮುಂದೆ ಹೋದ. ಸಪಾಟು ಜಾಗ ಜನರಿಗೆ, ಇಳಿಜಾರು ಕುಡುಕಿಗೆ. ಒಂದು ಮೋರಿ ದಾಟಿದ ಮೇಲೆ ರಸ್ತೆ ಮೆಲ್ಲಗೆ ಇಳಿದು ಮುಂದೆ ಮತ್ತೆ ಏರುವ ಜಾಗವೊಂದು ಅವನಿಗೆ ಗೊತ್ತಿತ್ತು. ಟ್ವೇವೆ ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟಿದ್ದ. ಬ್ರೇಕಿಲ್ಲದೆ ಉರುಳಿದರೂ ಮುಂದಿನ ಏರು ಹಿಡಿದುಕೊಳ್ಳುತ್ತದೆ.

ಬದಿಗೆ ನಿಲ್ಲಿಸಿದ. ಬ್ರೇಕಿನ ಗಾಳಿ ಇರುವವರೆಗೆ ಕೈಬ್ರೇಕು ಹೇಗೋ ಹಿಡಿಯುತ್ತದೆ. ಅಷ್ಟರಲ್ಲಿ ಇಳಿದು ಕಲ್ಲು ಕೊಟ್ಟು ಹತ್ತಿ ಬಂದ. ಕೀಲಿಗೆ ಕೈ ಹಾಕಿ ಸುಮಾರು ಹೊತ್ತು ಕೂತ. ಆಮೇಲೆ ಬಂದ್ ಮಾಡಿದ.

ಎಂಜಿನ್ ಒಂದು ಸಲ ಕುಲುಕಿ ಸುಮ್ಮನಾಯಿತು. ಗಾಜು ಸುಮ್ಮನಾಯಿತು. ಬಿಸಿ ಕಬ್ಬಿಣ ಆರುತ್ತ ಟಿಕ್ ಟಿಕ್ ಎಂದಿತು. ಅದೂ ನಿಂತಿತು. ಪೈನ್ ಮರಗಳ ಮೇಲೆ ಗಾಳಿ ಸುಯ್ಗುಟ್ಟುತ್ತಿತ್ತು. ಅದು ಸದ್ದಲ್ಲ, ಸದ್ದಿಲ್ಲದಿರುವುದರ ಸದ್ದು. ಅಂಗೊಲಿಲೆಗೆ ತಾನು ಉಗಾಲಿ ಅಗಿಯುವುದು ಕೇಳಿಸಿತು. ನುಂಗುವುದು ಕೇಳಿಸಿತು. “ಉಪ್ಪು ಕಡಿಮೆ,” ಎಂದು ಗಟ್ಟಿಯಾಗಿ ಹೇಳಿ ನೋಡಿದ. ಪಕ್ಕದ ಸೀಟಿನ ಕಿತ್ತ ರೆಕ್ಸಿನ್ನು ಏನೂ ಹೇಳಲಿಲ್ಲ.

ಬೆಳಿಗ್ಗೆ ಮಂಜಿನಲ್ಲಿ ಇಳಿದು ಮೊದಲು ತನ್ನ ಜಾಣತನ ತೋರಿಸಿದ. ಕಲ್ಲಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯಿಂದ ಒಳಗೆ ತಂದು, ಕ್ಲಚ್ ಒತ್ತಿ, ದೇವರನ್ನು ನೆನೆದು ಎಳೆದ. ಹಲಗೆಯ ಹೊರೆ ಹೊತ್ತ ಗಾಲಿ ಕಲ್ಲಿನ ಮೇಲೆ ಕೂತಿತ್ತು. ಹಗ್ಗ ಅಂಗೈ ಸುಟ್ಟಿತೇ ಹೊರತು ಕಲ್ಲು ಮಿಸುಕಲಿಲ್ಲ. ಹಾರೆಯಿಂದ ತಾನೇ ಹೊಡೆದು ಓಡಿ ಹತ್ತಿದರೆ ಹೇಗೆ? ಟ್ವೇವೆ ಹತ್ತುತ್ತಿದ್ದನಲ್ಲ. ಆದರೆ ಟ್ವೇವೆ ಓಡಿ ಹತ್ತುವಾಗ ಸ್ಟಿಯರಿಂಗ್ ಹಿಡಿಯಲು ಒಳಗೊಬ್ಬ ಇದ್ದ. ತನ್ನ ಲಾರಿಯ ಹಿಂದೆ ತಾನೇ ಓಡುವ ಮುದುಕನನ್ನು ನೆನೆದು ಅಂಗೊಲಿಲೆಗೆ ನಗು ಬಂತು. ನಕ್ಕ ಸದ್ದು ಮಂಜಿನಲ್ಲಿ ಹೋಗಿ ಎಲ್ಲೂ ತಾಕಲಿಲ್ಲ.

ರಸ್ತೆಯ ಬದಿಗೆ ನಿಂತು ಕೈ ಬೀಸಿದ. ಲಾರಿಗಳು ಬರ್‍ರೆಂದು ಹೋದವು. ಕೈ ಬೀಸಿದವನಿಗೆ ಆ ದಾರಿಯಲ್ಲಿ ಯಾರೂ ನಿಲ್ಲುವುದಿಲ್ಲ. ಕೈ ಬೀಸುವವರಲ್ಲಿ ಕಳ್ಳರೂ ಇರುತ್ತಾರೆ. ನಿಲ್ಲುವುದು ಎಲೆಗೆ. ಕೆಟ್ಟು ನಿಂತ ಗಾಡಿಯವನು ಸೊಪ್ಪಿನ ಕೊಂಬೆ ಮುರಿದು ಹಿಂದಕ್ಕೂ ಮುಂದಕ್ಕೂ ರಸ್ತೆಯ ಮೇಲೆ ಹಾಸುತ್ತಾನೆ. ಅದನ್ನು ಕಂಡರೆ ಎಂಥ ಅವಸರದವನೂ ವೇಗ ಇಳಿಸುತ್ತಾನೆ, ತನ್ನಂಥ ಡ್ರೈವರಾದರೆ ನಿಂತು ವಿಚಾರಿಸುತ್ತಾನೆ. ಅದಕ್ಕೇ ನೆಟ್ಟಗಿರುವ ಗಾಡಿಗೆ ಯಾರೂ ಎಲೆ ಹಾಸುವುದಿಲ್ಲ. ಎಲೆ ಸುಳ್ಳು ಹೇಳಬಾರದು ಎನ್ನುವುದು ಅಲ್ಲಿನ ಮಾತು. ಅಂಗೊಲಿಲೆ ತನ್ನ ಆಯುಷ್ಯದಲ್ಲಿ ಒಂದೇ ಒಂದು ಸುಳ್ಳು ಎಲೆಯನ್ನೂ ಹಾಸಿದವನಲ್ಲ.

ಮಂಜು ಕರಗಿತು, ಬಿಸಿಲು ಬಂತು. ಮತ್ತೆ ಮತ್ತೆ ಗುಜರಿಯವರ ಗರಗಸ ಕಣ್ಣ ಮುಂದೆ ಬಂತು. ಹೋಗಿ ಪೊದೆಯಿಂದ ಕೊಂಬೆ ಮುರಿದು ತಂದ. ಹಾಸುವಾಗ ಸುತ್ತ ನೋಡಿದ, ಯಾರದೋ ಹೊಲದಲ್ಲಿ ಜೋಳ ಕೀಳುವವನ ಹಾಗೆ.

ಸ್ವಲ್ಪ ಹೊತ್ತಿಗೆ ತಾಮ್ರದ ತಗಡು ಹೇರಿಕೊಂಡು ಗಡಿಯ ಕಡೆಯಿಂದ ಬರುತ್ತಿದ್ದ ಉದ್ದನೆಯ ಲಾರಿಯೊಂದು ಬುಸ್ಸೆಂದು ನಿಂತಿತು. ಕೆಂಪು ಟೋಪಿಯ ಡ್ರೈವರೊಬ್ಬ ಇಳಿದು ಬಂದ. ಆಗಲೇ ತೋಳು ಮಡಚುತ್ತಿದ್ದ.

“ಕಾಲಿಗೆ ಬಿದ್ದೆ ಅಜ್ಜಾ. ಏನಾಯ್ತು? ಗೇರ್‌ಬಾಕ್ಸಾ?”

“ಬದುಕಿಕೋ ಮಗಾ. ಏನೂ ಆಗಿಲ್ಲ.”

“ಪಂಚರ್ರಾ?”

“ಅಲ್ಲ.”

“ಮತ್ತೆ ಎಲೆ ಯಾಕೆ ಹಾಸಿದೀಯ?”

ಅಂಗೊಲಿಲೆ ಹಾರೆ ತೋರಿಸಿದ, ಗಾಲಿ ತೋರಿಸಿದ. “ಕಲ್ಲು ತೆಗೀಬೇಕಿತ್ತು.”

ಕೆಂಪು ಟೋಪಿಯವನು ಕಲ್ಲನ್ನು ನೋಡಿದ, ಲಾರಿಯ ಹಣೆಯನ್ನು ಓದಿದ, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನಕ್ಕ. “ಅಯ್ಯೋ ಮುದುಕಪ್ಪ! ಇಷ್ಟು ಭಾರ ನಿಲ್ಸಿ ಇಳಿದಿದೀನಿ, ಯಾರೋ ಸತ್ತಿದಾರೆ ಅಂತ! ಕಲ್ಲು ತೆಗೆಯೋಕೆ ಇಡೀ ಹೆದ್ದಾರಿಗೆ ಎಲೆ ಹಾಸಿದೀಯಲ್ಲ, ನಾಳೆ ಮೂಗು ಒರೆಸೋಕೂ ಹಾಸ್ತೀಯಾ?”

“ತಪ್ಪಾಯ್ತಪ್ಪ.”

“ಇಷ್ಟು ದೊಡ್ಡ ಲಾರಿಗೆ ಒಂದು ಕಲ್ಲು ತೆಗೆಯೋರಿಲ್ವಾ ನಿಂಗೆ?”

ಕುಚೋದ್ಯದಲ್ಲಿ ಕೇಳಿದ್ದೇ. ಆದರೆ ಅಂಗೊಲಿಲೆ “ಇಲ್ಲ” ಎಂದಾಗ ಅವನ ನಗು ಅರ್ಧಕ್ಕೆ ನಿಂತಿತು. ಹಾರೆ ಇಸಿದುಕೊಂಡ. “ಹತ್ತು ಹತ್ತು. ಎಲ್ಲಿಗೆ ಹೊಡೀಲಿ?”

“ಪಕ್ಕದಿಂದ. ಒಂದೇ ಏಟು, ಹೊಡೆದು ಹಿಂದಕ್ಕೆ ಹಾರಬೇಕು. ಹಾರೆ ಹಿಂದಗಡೆ ಹಲಗೆ ಮೇಲೆ ಎಸೆದುಬಿಡು. ಆಮೇಲೆ...” ಅಂಗೊಲಿಲೆ ತಡೆದ. “ಆಮೇಲೆ ಲಾರಿ ಬಾಡಿ ಮೇಲೆ ಎರಡು ಸಲ ತಟ್ಟು.”

“ಯಾಕೆ?”

“ಸುಮ್ನೆ. ಹಂಗೇ ರೂಢಿ.”

ಹತ್ತಿ ಕೂತ. ಕ್ಲಚ್ ಒತ್ತಿದ. ಕಬ್ಬಿಣ ಕಲ್ಲಿಗೆ ಬಡಿದದ್ದು ಕೇಳಿಸಿತು. ಕುಡುಕಿ ನಿದ್ದೆಯಿಂದೆದ್ದ ಎಮ್ಮೆಯ ಹಾಗೆ ಮೆಲ್ಲಗೆ ಮುಂದೆ ಜರುಗಿತು. ಆಮೇಲೆ ಹಿಂದಿನಿಂದ ಧಬ್, ಧಬ್. ಎರಡು ಸಲ. ಬೇರೆ ಕೈ, ಬೇರೆ ತೂಕ. ಆದರೂ ಅಂಗೊಲಿಲೆಯ ಬೆನ್ನು ನೆಟ್ಟಗಾಯಿತು. ಕ್ಲಚ್ ಬಿಟ್ಟ. ಎಂಜಿನ್ ಕೆಮ್ಮಿತು, ಉಗುಳಿತು, ಎದ್ದಿತು.

ನಿಲ್ಲುವಂತಿರಲಿಲ್ಲ. ಬ್ರೇಕಿಗೆ ಗಾಳಿ ತುಂಬಿಲ್ಲ, ನಿಂತರೆ ಇನ್ನೂ ಬಿಸಿಯೇರದ ಎಂಜಿನ್ ಏರಿನ ಬುಡದಲ್ಲಿ ಮತ್ತೆ ಸಾಯುತ್ತದೆ. ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದ. ಕನ್ನಡಿಯಲ್ಲಿ ಕೆಂಪು ಟೋಪಿಯವನು ಒಂದು ಕಾಲಿನಿಂದ ಎಲೆಗಳನ್ನು ಬದಿಗೆ ಸರಿಸುತ್ತಿದ್ದ. ಒಂದು ಕೈಯಲ್ಲಿ ಕಲ್ಲು ಹಿಡಿದಿದ್ದ. ಅದನ್ನು ಎತ್ತಿ ತೋರಿಸಿ ಏನೋ ಕೂಗಿದ. ಬಹುಶಃ ‘ಕಲ್ಲು, ಕಲ್ಲು’ ಎಂದಿರಬೇಕು. ರಸ್ತೆ ತಿರುಗಿತು. ಕನ್ನಡಿಯಲ್ಲಿ ಪೈನ್ ಮರಗಳಷ್ಟೇ ಉಳಿದವು.

ಟ್ವೇವೆಯ ಕಲ್ಲು ಅಲ್ಲೇ ಉಳಿಯಿತು.

ಇರಿಂಗಾ ಬರುವವರೆಗೆ ಅಂಗೊಲಿಲೆಗೆ ಅದೇ. ಮರೆತು ಬಂದದ್ದಲ್ಲ, ಬಿಟ್ಟು ಬಂದದ್ದೂ ಅಲ್ಲ. ಹಿಂತಿರುಗಲು ಆಗಲಿಲ್ಲ, ಅಷ್ಟೇ. ಬಸ್ಸು ಹತ್ತಿದ ಟ್ವೇವೆಯನ್ನು ನೆನೆದಾಗಲೂ ಅವನು ತನಗೆ ತಾನೇ ಇದೇ ಮಾತು ಹೇಳಿಕೊಳ್ಳುತ್ತಿದ್ದ. ಆಗ ಒಪ್ಪಿಕೊಂಡ ಮನಸ್ಸು ಈಗ ಒಪ್ಪಲಿಲ್ಲ.

ಅಂದಿನಿಂದ ಪ್ರತಿ ನಿಲುಗಡೆಯಲ್ಲೂ ಹೊಸ ಕಲ್ಲು ಹುಡುಕಬೇಕಾಯಿತು, ಹೊಸ ಮನುಷ್ಯನನ್ನು ಹುಡುಕಬೇಕಾಯಿತು. ಕಲ್ಲು ಸುಲಭವಾಗಿ ಸಿಗುತ್ತಿತ್ತು. ಕಿಟೊಂಗಾ ಘಾಟಿ ಇಳಿದು, ಬೊಡ್ಡೆ ಉಬ್ಬಿದ ಬಾವೋಬಾಬ್ ಮರಗಳು ಆನೆಗಳ ಹಾಗೆ ನಿಂತಿರುವ ಎಂಬುಯೂನಿಯ ಹೊಳೆಯ ಬದಿಯಲ್ಲಿ, ಈರುಳ್ಳಿ ಮಾರುವ ಹೆಂಗಸೊಬ್ಬಳು ಎಲೆ ನೋಡಿ ತಾನಾಗಿಯೇ ಬಂದಳು. ತಲೆಯ ಮೇಲಿನ ಬುಟ್ಟಿ ಇಳಿಸಿ, ಸೊಂಟದ ಬಟ್ಟೆ ಬಿಗಿದು ಕಟ್ಟಿ ಹಾರೆ ಕೇಳಿದಳು.

“ನೀನಾ?” ಎಂದ ಅಂಗೊಲಿಲೆ.

“ಏನು, ಕಲ್ಲಿಗೆ ಗಂಡಸೇ ಹೊಡೀಬೇಕಾ? ಹತ್ತಪ್ಪಾ, ಬಿಸಿಲೇರ್ತಿದೆ.”

“ಹೊಡೆದ ಮೇಲೆ ಲಾರಿ ಬಾಡಿ ಮೇಲೆ ಎರಡು ಸಲ ತಟ್ಟಮ್ಮ.”

“ತಟ್ಟದೆ ಹೋದ್ರೆ ಲಾರಿ ಹೋಗಲ್ವಾ?”

“ಹೋಗುತ್ತೆ.”

“ಮತ್ತೆ?”

“ತಟ್ಟಿಬಿಡಮ್ಮ.”

ಆಕೆ ಅವನನ್ನು ಒಂದು ಗಳಿಗೆ ನೋಡಿದಳು. ಹಾರೆ ಎತ್ತಿಕೊಂಡು ಗಾಲಿಯ ಪಕ್ಕಕ್ಕೆ ಹೋದಳು. ಲಾರಿ ಉರುಳಿದಾಗ ಅವಳ ತಟ್ಟು ರೊಟ್ಟಿ ತಟ್ಟಿದ ಹಾಗೆ ಮೆತ್ತಗೆ ಕೇಳಿಸಿತು, ಎರಡಲ್ಲ, ಮೂರು ಸಲ.

ಮಿಕುಮಿಯಾಚೆ ಸೈಕಲ್ ಮೇಲೆ ಹೋಗುತ್ತಿದ್ದ ಮೇಷ್ಟರೊಬ್ಬರು ಅಂಗಿ ಕೊಳೆಯಾದೀತೆಂದು ಬಿಚ್ಚಿಟ್ಟು ಹೊಡೆದರು. ದಾರ್‌ನ ಸಿಮೆಂಟ್ ಗೋದಾಮಿನ ಹೊರಗೆ ಕಾವಲುಗಾರ, ಬರುವಾಗ ಮೊರೊಗೊರೊ ಹತ್ತಿರ ದನ ಮೇಯಿಸುವ ಮಸಾಯಿಯೊಬ್ಬ. ಅವನು ಹಾರೆಯನ್ನು ಬೇಡವೆಂದು ತನ್ನ ದೊಣ್ಣೆಯಿಂದಲೇ ಕಲ್ಲು ಹಾರಿಸಿದ. ಎಲೆ ಸುಳ್ಳು ಹೇಳಿತು ಎಂದು ಬೈದವರು ಹಲವರು. ಬೈದು ಹೊರಟೇ ಹೋದವರೂ ಇದ್ದರು. ಆಗ ಅಂಗೊಲಿಲೆ ಇಳಿಜಾರಿನಲ್ಲಿ ಎಲೆ ಬಾಡುವವರೆಗೆ ಕಾಯುತ್ತಿದ್ದ, ಬಾಡಿದ ಮೇಲೆ ಹೊಸ ಕೊಂಬೆ ಮುರಿಯುತ್ತಿದ್ದ. ಕಲ್ಲು ತೆಗೆದವರ ಜೊತೆ ಮಾತಾಡಿದ್ದು ಹತ್ತುವ ಮುಂಚಿನ ನಾಲ್ಕು ಮಾತು. ಆಮೇಲೆ ಎರಡು ತಟ್ಟು, ಆಮೇಲೆ ಕನ್ನಡಿಯಲ್ಲಿ ಚಿಕ್ಕದಾಗುತ್ತ ಹೋಗುವ ಒಂದು ಆಕಾರ. ಧನ್ಯವಾದ ಹೇಳಲು ನಿಲ್ಲಬೇಕಿತ್ತು. ನಿಲ್ಲಲು ಬರುತ್ತಿರಲಿಲ್ಲ.

ಸಂಜೆಗಳಲ್ಲಿ, ಎಂಜಿನ್ ಸುಮ್ಮನಾದ ಮೇಲೆ, ಅಂಗೊಲಿಲೆ ಆ ತಟ್ಟುಗಳನ್ನು ನೆನೆದುಕೊಂಡು ಕೂರುತ್ತಿದ್ದ. ಮೇಷ್ಟರದ್ದು ಅಳುಕಿನ ತಟ್ಟು. ಕಾವಲುಗಾರನದ್ದು ಬಾಗಿಲು ಬಡಿದ ಹಾಗೆ. ಸದ್ದಿಲ್ಲದ ಕ್ಯಾಬಿನ್ನಿನಲ್ಲಿ ಅಷ್ಟೇ ಅವನಿಗಿದ್ದ ಸಂಗಾತ.

ಸಿಮೆಂಟ್ ಹೊತ್ತು ಮಫಿಂಗಾದ ಕಡೆ ಏರುತ್ತ ಬರುವಾಗ ತೊಟ್ಟಿಲು ಎದುರಾಯಿತು. ಹೋಗುವಾಗ ಇಳಿದದ್ದು ಈಗ ಏರು. ಎರಡನೇ ಗೇರಿನಲ್ಲಿ ಕುಡುಕಿ ಏದುಸಿರು ಬಿಡುತ್ತ ಹತ್ತುತ್ತಿತ್ತು. ಅಂಗೊಲಿಲೆ ಬದಿಯನ್ನೇ ನೋಡುತ್ತಿದ್ದ. ಕಲ್ಲು ಪೊದೆಯಲ್ಲಿರುತ್ತದೆ, ಇಲ್ಲ ಯಾರಾದರೂ ಒಲೆಗೆ ಒಯ್ದಿರುತ್ತಾರೆ ಎಂದುಕೊಂಡಿದ್ದ. ಕಲ್ಲು ಮೋರಿಯ ಕಟ್ಟೆಯ ಮೇಲಿತ್ತು. ಚಪ್ಪಟೆ ಬದಿ ಕೆಳಗೆ, ಉಬ್ಬು ಮೇಲೆ. ಗಾಳಿಗೆ ಹಾರದಂತೆ ಅದರ ಕೆಳಗೆ ಒಂದು ಕೊಂಬೆ ಸಿಕ್ಕಿಸಿಟ್ಟಿದ್ದರು. ಎಲೆಗಳು ಒಣಗಿ ಕಂದಾಗಿದ್ದವು. ಈ ದಾರಿಯಲ್ಲಿ ಹೋದವನು ಮರಳಿ ಬರುತ್ತಾನೆ, ಬಂದಾಗ ಕಾಣಬೇಕು ಎಂದು ಇಟ್ಟದ್ದು.

ಅಂಗೊಲಿಲೆಯ ಕಾಲು ಬ್ರೇಕಿನ ಮೇಲೆ ಹೋಯಿತು. ಏರಿನ ನಡುವೆ ನಿಂತರೆ ಕೈಬ್ರೇಕು ಆ ಹೊರೆಯನ್ನು ಹಿಡಿಯುವುದಿಲ್ಲ. ಮೇಲೆ ಸಪಾಟಿನಲ್ಲಿ ನಿಲ್ಲಿಸಿ ನಡೆದು ಬಂದರೆ ಅಷ್ಟು ಹೊತ್ತೂ ಎಂಜಿನ್ ಎಣ್ಣೆ ಉರಿಸುತ್ತಿರುತ್ತದೆ. ಹಿಂದೆ ಬಸ್ಸೊಂದು ಹಾರ್ನ್ ಹೊಡೆಯುತ್ತಿತ್ತು. ಇಳಿದು ತರಲು ಪಕ್ಕದ ಸೀಟಿನಲ್ಲಿ ಒಬ್ಬರು ಇರಬೇಕಿತ್ತು.

ಕಾಲು ತೆಗೆದ. ಮೋರಿ ದಾಟುವಾಗ ಹಾರ್ನನ್ನು ಒಮ್ಮೆ ಒತ್ತಿದ.

ಅತುಪೆಲೆಯ ತಾಯಿ ಕೋಲು ಹಿಡಿದು ಅಂಗಳದಲ್ಲೇ ನಿಂತಿದ್ದಳು. ಈ ಸಲ ಅಂಗೊಲಿಲೆ ಹೊಲ ನೋಡಲಿಲ್ಲ, ಕೋಲನ್ನೇ ನೋಡಿದ. ಆಕೆ ಇಳಿಸಿದಳು, ಎತ್ತಿದಳು, ನಂಬದೆ ಒರೆಸಿ ಮತ್ತೆ ಇಳಿಸಿದಳು. ಎಣ್ಣೆ ಗೀರನ್ನು ಮುಟ್ಟಿ, ಅದರ ಮೇಲೆ ಒಂದು ಬೆರಳಗಲ ಹೊಳೆಯುತ್ತಿತ್ತು.

“ನಮ್ಮನೆಯವರು ಹೋದಮೇಲೆ ಈ ಗೀರು ಒದ್ದೆಯಾಗಿದ್ದನ್ನ ನಾನು ನೋಡೇ ಇರಲಿಲ್ಲ,” ಎಂದಳು. ದನಿ ಮೆತ್ತಗಾಗಿತ್ತು. ಮರುಗಳಿಗೆಗೆ ಮತ್ತೆ ಮಾಲೀಕಳಾದಳು. “ಗುಜರಿಯವರಿಗೆ ಬರಬೇಡಿ ಅಂತೀನಿ. ಏನ್ ಮಾಡ್ದೆ ಅಣ್ಣ?”

“ಕಿಲಾಸಿ ರಿಪೇರಿ ಮಾಡ್ದ. ನಿಲ್ಸಿದ ಕಡೆ ಬಂದ್ ಮಾಡ್ದೆ.”

“ಇಷ್ಟೇನಾ? ನೋಡ್ದ್ಯಾ ಮತ್ತೆ! ಕ್ಲೀನರ್ ಬಿಡಿಸಿದಾಗ ಊರವರೆಲ್ಲ ನನ್ನ ಬೈದ್ರು, ಮುದುಕ ಒಬ್ಬನೇ ಏನ್ ಮಾಡ್ತಾನೆ ಅಂತ. ಒಬ್ಬನೇ ಮಾಡಿ ತೋರಿಸ್ದೆ.”

“ಒಬ್ಬನೇ ಅಲ್ಲಮ್ಮ.”

ಮಾತು ತಾನಾಗಿ ಬಾಯಿಂದ ಜಾರಿತ್ತು. ಆಕೆ ಕೋಲು ಒರೆಸುತ್ತಿದ್ದವಳು ತಲೆಯೆತ್ತಿದಳು. “ಯಾರಿದ್ರು ಜೊತೆಗೆ? ಯಾರನ್ನ ಹತ್ತಿಸ್ಕೊಂಡಿದ್ದೆ?”

ಅಂಗೊಲಿಲೆ ಹೇಳಹೊರಟ. ಕೆಂಪು ಟೋಪಿ, ಈರುಳ್ಳಿ ಬುಟ್ಟಿ, ಸೈಕಲ್ಲು, ದೊಣ್ಣೆ. ಒಬ್ಬರ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಅವನ ಹೆಸರನ್ನೂ ಯಾರೂ ಕೇಳಿರಲಿಲ್ಲ. ಗೊತ್ತಿದ್ದ ಹೆಸರು ಒಂದೇ.

“ಟ್ವೇವೆಯ ಕಲ್ಲು ಮಫಿಂಗಾದ ಮೋರಿ ಮೇಲಿದೆ,” ಎಂದ.

“ಏನು?”

“ಒಂದು ಕಲ್ಲು. ಅವನಿಗೆ ಹೇಳಬೇಕಿತ್ತು.”

“ಕಲ್ಲಿಗೇನು ಬರ,” ಎಂದು ಆಕೆ ನಗುತ್ತ ಕೋಲನ್ನು ಗೋಡೆಗೆ ಒರಗಿಸಿ, ಸಿಮೆಂಟ್ ಇಳಿಸುವವರನ್ನು ಕೂಗಲು ಹೋದಳು.

ಹೊರೆ ಇಳಿದ ಮೇಲೆ ಅಂಗೊಲಿಲೆ ಲಾರಿಯನ್ನು ಅಂಗಳದ ಹಿಂದಿನ ಇಳಿಜಾರಿಗೆ ಒಯ್ದ. ಬೇಲಿಯ ಬುಡದಿಂದ ಒಂದು ಕಲ್ಲು ಆರಿಸಿ ಗಾಲಿಗೆ ಕೊಟ್ಟು ಹತ್ತಿ ಕೂತ. ಕೀಲಿಗೆ ಕೈ ಹಾಕಿದವನು ಹಳೆಯ ರೂಢಿಯಂತೆ ಕಾದ. ಕಲ್ಲು ಕೂತಿತು ಎಂದು ಹೇಳಲು ಯಾರೂ ಇರಲಿಲ್ಲ. ಎಣ್ಣೆ ಸುಮ್ಮನೆ ಉರಿಯುತ್ತಿತ್ತು.

ಕಿಟಕಿಯಿಂದ ಕೈ ಹೊರಗೆ ಚಾಚಿ ಬಾಗಿಲಿನ ತಗಡಿಗೆ ತಾನೇ ಒಂದು ಸಲ ತಟ್ಟಿದ. ಆಮೇಲೆ ಎಂಜಿನ್ ಬಂದ್ ಮಾಡಿದ.